ಮಗುವಿನ ದೀರ್ಘಕಾಲದ ಕಾಯಿಲೆ: ದುಡ್ಡು ಎಲ್ಲಿ ಸೋರುತ್ತದೆ, ಹೇಗೆ ತಡೆಯುವುದು

ನಮ್ಮ ಮಗಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ಮೈ ತಾನೇ ಇನ್ಸುಲಿನ್ ಮಾಡಿಕೊಳ್ಳಲಾಗದ ಸಕ್ಕರೆ ಕಾಯಿಲೆ, ಇದೆ ಅಂತ ಗೊತ್ತಾದಾಗ ಅವಳಿಗೆ ಆರು ವರ್ಷ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಬಿಲ್ ಬಂತು. ಉಳಿತಾಯ ಸ್ವಲ್ಪ, ಕೈಸಾಲ ಸ್ವಲ್ಪ, ಹೇಗೋ ಹೊಂದಿಸಿ ಕಟ್ಟಿ ಮನೆಗೆ ಬಂದೆವು. "ಸದ್ಯ, ದೊಡ್ಡ ಖರ್ಚು ಕಳೀತು" ಅಂತ ನಾನೇ ಹೇಳಿದ್ದೆ. ಎಂಥ ಪೆದ್ದು ಮಾತು! ಆ ಸಾಲ ತೀರಿಸಲು ಒಂದು ವರ್ಷ ಹಿಡಿಯಿತು, ನಿಜ. ಆದರೆ ನಮ್ಮನ್ನು ಹೈರಾಣು ಮಾಡಿದ್ದು ಅದಲ್ಲ. ಆಮೇಲೆ ಪ್ರತಿ ತಿಂಗಳೂ ಸದ್ದಿಲ್ಲದೆ ಕೈಬಿಟ್ಟು ಹೋದ ಸಣ್ಣ ಸಣ್ಣ ದುಡ್ಡು.

ದೊಡ್ಡ ಬಿಲ್ ಎಲ್ಲರ ಕಣ್ಣಿಗೆ ಬೀಳುತ್ತದೆ. ನೆಂಟರು ಕೈ ಜೋಡಿಸುತ್ತಾರೆ, ಕೆಲಸ ಕೊಟ್ಟವರು ಮುಂಗಡ ಕೊಡುತ್ತಾರೆ, ವಿಮೆ ಇದ್ದರೆ ಏನೋ ಒಂದಿಷ್ಟು ಬರುತ್ತದೆ. ರಕ್ತದ ಸಕ್ಕರೆ ನೋಡುವ ಸ್ಟ್ರಿಪ್‌ಗಳ ಡಬ್ಬಿ, ಸೂಜಿ, ಬಸ್ ಚಾರ್ಜು, ಅರ್ಧ ದಿನದ ಸಂಬಳ, ಇದಕ್ಕೆಲ್ಲ ಯಾರೂ ಬರುವುದಿಲ್ಲ. ಕೇಳುವುದಕ್ಕೂ ನಾಚಿಕೆ. ಹಾಗಾಗಿ ಈ ಬರಹ ಹೆಚ್ಚಾಗಿ ಆ ಸೋರಿಕೆಯ ಬಗ್ಗೆ. ನನಗೆ ಚೆನ್ನಾಗಿ ಗೊತ್ತಿರುವುದು ಡಯಾಬಿಟಿಸ್, ಅದಕ್ಕೇ ಉದಾಹರಣೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ. ಆಸ್ತಮಾ, ಫಿಟ್ಸ್, ಥಲಸೇಮಿಯಾ (ಮೈ ಸಾಕಷ್ಟು ರಕ್ತ ಮಾಡಿಕೊಳ್ಳದ ಕಾಯಿಲೆ), ಕಿಡ್ನಿ ತೊಂದರೆ ಇರುವ ಮಕ್ಕಳ ಮನೆಗಳಲ್ಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ ಓಡುತ್ತದೆ.

ಮೊದಲು ಮೂರು ತಿಂಗಳು ಬರೆಯಿರಿ

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಆ್ಯಪ್ ಬೇಡ ಅಂತಲ್ಲ, ಆದರೆ ಆ್ಯಪ್ ಒಬ್ಬರ ಫೋನಿನಲ್ಲಿ ಇರುತ್ತದೆ, ಪುಸ್ತಕ ಮನೆಯವರೆಲ್ಲರ ಕೈಗೂ ಸಿಗುತ್ತದೆ. ಎಡಗಡೆ ಪುಟದಲ್ಲಿ ಔಷಧಿ, ಪರೀಕ್ಷೆ, ಡಾಕ್ಟರ ಫೀಸು. ಬಲಗಡೆ ಪುಟದಲ್ಲಿ ಕಾಯಿಲೆ ಇಲ್ಲದೇ ಹೋಗಿದ್ದರೆ ಆಗುತ್ತಲೇ ಇರಲಿಲ್ಲ ಅನ್ನುವ ಉಳಿದ ಎಲ್ಲ ಖರ್ಚು. ಓಡಾಟ, ಆಸ್ಪತ್ರೆ ಹತ್ತಿರ ಉಳಿದುಕೊಂಡಿದ್ದು, ಹೊರಗೆ ತಿಂದಿದ್ದು, ಜೆರಾಕ್ಸು, ರಜೆ ಹಾಕಿ ಕಳಕೊಂಡ ಸಂಬಳ, ಚಿಕ್ಕ ಮಗನನ್ನು ನೋಡಿಕೊಂಡವರಿಗೆ ಕೊಟ್ಟಿದ್ದು.

ನಮ್ಮ ಪುಸ್ತಕದ ಎರಡನೇ ತಿಂಗಳ ಒಂದು ಪುಟ ಹೀಗಿದೆ. ಎಡಗಡೆ ಎರಡೇ ಸಾಲು: ಸ್ಟ್ರಿಪ್ ಒಂದು ಡಬ್ಬಿ, ಡಾಕ್ಟರ ಫೀಸು. ಬಲಗಡೆ ಒಂಬತ್ತು ಸಾಲು. ಅದರಲ್ಲಿ ಒಂದು, ನನ್ನ ಹೆಂಡತಿಯ ಅಕ್ಷರದಲ್ಲಿ, "ರಿಪೋರ್ಟ್ ಮರೆತು ಮತ್ತೆ ಹೋಗಿದ್ದು, ಹೋಗಿ ಬರುವ ಖರ್ಚು + ಅರ್ಧ ದಿನ". ಆ ತಿಂಗಳು ಬಲಗಡೆಯ ಮೊತ್ತ ಎಡಗಡೆಯದಕ್ಕಿಂತ ಜಾಸ್ತಿ ಇತ್ತು. ನಂಬಲು ಆಗದೆ ನಾನು ಎರಡು ಸಲ ಕೂಡಿದೆ.

ಯಾಕೆ ಮೂರು ತಿಂಗಳು? ಒಂದು ತಿಂಗಳು ನೋಡಿದರೆ ಮೋಸ ಹೋಗುತ್ತೇವೆ. ಕೆಲವು ಖರ್ಚು ತಿಂಗಳಿಗೆ, ಕೆಲವು ಮೂರು ತಿಂಗಳಿಗೆ, ಕೆಲವು ವರ್ಷಕ್ಕೊಮ್ಮೆ. ಮೂರು ತಿಂಗಳಾದ ಮೇಲೆ ವರ್ಷದ ಖರ್ಚನ್ನೂ ಅಂದಾಜು ಮಾಡಿ, ಎಲ್ಲ ಸೇರಿಸಿ 12ರಿಂದ ಭಾಗಿಸಿ. ಆ ಅಂಕಿಯನ್ನು ಮನೆ ಬಾಡಿಗೆ, ಕರೆಂಟ್ ಬಿಲ್ ಇದ್ದ ಹಾಗೆ ತಿಂಗಳ ಮೊದಲಿಗೇ ಎತ್ತಿಡಬೇಕು. ಜಗತ್ತಿನ ಮಟ್ಟದಲ್ಲಿ ಲೆಕ್ಕ ಹಾಕುವವರು, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್, ಬಹಳ ವರ್ಷ ಬಳಸಿದ ಒಂದು ಗೆರೆ ಇದೆ: ಮನೆಯ ಒಟ್ಟು ಖರ್ಚಿನಲ್ಲಿ ಶೇ. 10ಕ್ಕಿಂತ ಜಾಸ್ತಿ ಕೈಯಿಂದಲೇ ಚಿಕಿತ್ಸೆಗೆ ಹೋದರೆ ಅದು ಆ ಮನೆಯನ್ನು ಮುಳುಗಿಸುವ ಖರ್ಚು ಅಂತ ಲೆಕ್ಕ. ಶೇ. 25 ಇನ್ನೊಂದು ಗೆರೆ. ನಿಮ್ಮ ಅಂಕಿ ಎಲ್ಲಿದೆ ಅಂತ ನೋಡಿಕೊಳ್ಳಿ. ಗಮನಿಸಿ, ಆ ಲೆಕ್ಕದಲ್ಲಿ ಬಲಗಡೆ ಪುಟ ಸರಿಯಾಗಿ ಬರುವುದೇ ಇಲ್ಲ. ಕಳಕೊಂಡ ಸಂಬಳ ಅದಕ್ಕೆ ಸೇರುವುದಿಲ್ಲ.

ಡಾಕ್ಟರ ಹತ್ತಿರ ದುಡ್ಡಿನ ಮಾತು ಎತ್ತಿ

ಇದೇ ಎಲ್ಲಕ್ಕಿಂತ ಮುಖ್ಯ, ಇದೇ ನಮಗೆ ಕಷ್ಟ. ದುಡ್ಡಿನ ಮಾತು ಆಡಿದರೆ "ಮಗುವಿಗೆ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತಾರೆ" ಅಂತ ಅಂದುಕೊಂಡುಬಿಡುತ್ತಾರೇನೋ ಅಂತ ಭಯ. ನಾನು ಎರಡು ವರ್ಷ ಬಾಯಿ ಬಿಡಲಿಲ್ಲ. ಕೊನೆಗೊಂದು ದಿನ "ಡಾಕ್ಟ್ರೇ, ತಿಂಗಳಿಗೆ ಇಷ್ಟು ಮೀರಿದರೆ ನಮಗೆ ಆಗಲ್ಲ, ಇದರಲ್ಲಿ ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಮುಟ್ಟಲೇಬಾರದು ಹೇಳಿ" ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಟಿ ವಾಪಸ್ ತೆಗೆದುಕೊಂಡು ಎರಡು ಸಾಲು ಹೊಡೆದು ಹಾಕಿದರು. ಒಂದು ವಿಟಮಿನ್ ಟಾನಿಕ್, ಇನ್ನೊಂದು ಅಗತ್ಯವಿಲ್ಲದ ಪರೀಕ್ಷೆ. ಎರಡು ವರ್ಷ ಸುಮ್ನೆ ಕೊಟ್ಟಿದ್ದೆವು!

ಈ ಪ್ರಶ್ನೆಯನ್ನು ಹಾಗೇ ಕೇಳಿ, ಎರಡು ಭಾಗವಾಗಿ. ಬರೀ "ಕಡಿಮೆ ಮಾಡಿ" ಅಂದರೆ ಡಾಕ್ಟರಿಗೂ ಏನು ಹೇಳಬೇಕೋ ತೋಚುವುದಿಲ್ಲ.

ಮುಟ್ಟಬಾರದ್ದು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಟೈಪ್ 1 ಮಗುವಿಗೆ ಇನ್ಸುಲಿನ್ ಕಡಿತ ಮಾಡುವ ಹಾಗಿಲ್ಲ, ಎಳೆದು ಎಳೆದು ಬಳಸುವ ಹಾಗೂ ಇಲ್ಲ. ಕೀಟೋಆಸಿಡೋಸಿಸ್ ಆಗಿ, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಸೇರಿಕೊಂಡು, ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾದೀತು, ಜೀವಕ್ಕೇ ಅಪಾಯ. ಫಿಟ್ಸ್ ಮಾತ್ರೆ "ಈಗ ಆರಾಮಿದ್ದಾನಲ್ಲ" ಅಂತ ನಿಲ್ಲಿಸಬಾರದು. ತೀವ್ರ ಥಲಸೇಮಿಯಾ ಇರುವ ಮಕ್ಕಳಿಗೆ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಕೊಡಬೇಕಾಗುತ್ತದೆ, ಆ ರಕ್ತದ ಜೊತೆ ಕಬ್ಬಿಣಾಂಶ ಮೈಯಲ್ಲಿ ಸೇರುತ್ತಾ ಹೋಗುತ್ತದೆ, ಅದನ್ನು ಹೊರಹಾಕುವ ಔಷಧಿ ದುಬಾರಿ ಅಂತ ಬಿಟ್ಟರೆ ಹೃದಯ, ಲಿವರ್ ಎರಡಕ್ಕೂ ಪೆಟ್ಟು. ಆಸ್ತಮಾದಲ್ಲಿ ದಿನಾ ಎಳೆಯುವ ಇನ್ಹೇಲರ್ ಇದೆಯಲ್ಲ, ಅದು ತಕ್ಷಣ ಉಸಿರು ಬಿಡಿಸುವುದಿಲ್ಲ. ಹಾಗಾಗಿ ದಂಡ ಅನ್ನಿಸುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಓಡುವುದನ್ನು ತಪ್ಪಿಸುವುದು ಅದೇ. ಇಲ್ಲಿ ಉಳಿಸಿದ್ದು ಉಳಿತಾಯವಲ್ಲ, ಸಾಲ.

ಇನ್ನು ಉಳಿಸಬಹುದಾದ ಕಡೆ.

ಔಷಧಿಯ ಹೆಸರು. ಬ್ರ್ಯಾಂಡ್ ಹೆಸರಿನ ಬದಲು ಜೆನೆರಿಕ್ ಹೆಸರು, ಅಂದರೆ ಒಳಗಿನ ಮದ್ದಿನ ಹೆಸರು, ಬರೆದುಕೊಡಿ ಅಂತ ಕೇಳಿ. ಒಳಗಿರುವ ಮದ್ದು ಒಂದೇ, ಬೆಲೆಯಲ್ಲಿ ಬಹಳ ವ್ಯತ್ಯಾಸ ಇರಬಹುದು. ಎಚ್ಚರಿಕೆ ಬೇಕಾದದ್ದು ಮುಖ್ಯವಾಗಿ ಫಿಟ್ಸ್ ಮಾತ್ರೆಗಳಲ್ಲಿ. ಅಲ್ಲಿ ಒಂದು ಕಂಪನಿಯದರಿಂದ ಇನ್ನೊಂದಕ್ಕೆ ಪದೇಪದೇ ಬದಲಾಯಿಸುತ್ತಾ ಹೋಗಬೇಡಿ, ಬದಲಾಯಿಸುವುದಿದ್ದರೆ ಡಾಕ್ಟರಿಗೆ ಹೇಳಿಯೇ ಮಾಡಿ.

ಪ್ಯಾಕಿನ ಅಳತೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಫ್ರಿಜ್ ಬಾಗಿಲು ಹೇಳಿಕೊಟ್ಟಿತು. ಇನ್ಸುಲಿನ್ ಬಾಟಲಿ ತೆರೆದ ದಿನ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯುತ್ತೇವೆ, ಯಾಕೆಂದರೆ ತೆರೆದ ಮೇಲೆ ಹೆಚ್ಚಿನ ಇನ್ಸುಲಿನ್‌ಗಳಿಗೆ 28 ದಿನವೇ ಆಯಸ್ಸು. 28 ದಿನ ಆದಾಗ ನೋಡಿದರೆ ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಇರುತ್ತಿತ್ತು. ಪ್ರತಿ ತಿಂಗಳೂ ಎಸೆಯುತ್ತಿದ್ದೆವು. ಲೆಕ್ಕ ಹಾಕಿದೆ. 10 ಮಿಲೀ ಬಾಟಲಿ, ಪ್ರತಿ ಮಿಲೀಗೆ 100 ಯೂನಿಟ್, ಅಂದರೆ 1000 ಯೂನಿಟ್. ಮಗಳಿಗೆ ರಾತ್ರಿ ಹಾಕುವ ಇನ್ಸುಲಿನ್ ದಿನಕ್ಕೆ 8 ಯೂನಿಟ್. 28 ದಿನಕ್ಕೆ 224. ಉಳಿದ 776 ಕಸಕ್ಕೆ. ಅದೇ ಇನ್ಸುಲಿನ್ ಪೆನ್ನಿಗೆ ಹಾಕುವ 3 ಮಿಲೀ ಕಾರ್ಟ್ರಿಡ್ಜ್‌ನಲ್ಲಿ 300 ಯೂನಿಟ್ ಇರುತ್ತದೆ. ಪ್ರತಿ ಸಲ ಚುಚ್ಚುವ ಮುಂಚೆ ಸೂಜಿಯಿಂದ ಇನ್ಸುಲಿನ್ ಬರುತ್ತದೆಯೇ ಅಂತ ನೋಡಲು 2 ಯೂನಿಟ್ ಹೋದರೂ ದಿನಕ್ಕೆ 10, 28 ದಿನಕ್ಕೆ 280. ಒಂದು ಕಾರ್ಟ್ರಿಡ್ಜ್ ಸಾಕು. ಯೂನಿಟ್ ಲೆಕ್ಕದಲ್ಲಿ ಕಾರ್ಟ್ರಿಡ್ಜ್ ದುಬಾರಿ ಇರಬಹುದು, ಆದರೆ ನಾವು ಕೊಡುವುದು ಯೂನಿಟ್‌ಗೆ ಅಲ್ಲ, ತಿಂಗಳಿಗೆ. ದೊಡ್ಡ ಡೋಸ್ ತೆಗೆದುಕೊಳ್ಳುವ ಮಕ್ಕಳಿಗೆ ಇದೇ ಲೆಕ್ಕ ತಿರುಗುಮುರುಗು ಆಗಬಹುದು, ಅದಕ್ಕೆ ನಿಮ್ಮ ಅಂಕಿ ಹಾಕಿಯೇ ನೋಡಿ. ಇನ್ನೊಂದು ಮಾತು: ಕೆಲವು ಕಡೆ ಮಿಲೀಗೆ 40 ಯೂನಿಟ್‌ನ ಬಾಟಲಿಯೂ ಸಿಗುತ್ತದೆ. ಅಗ್ಗ ಅಂತ ತಂದರೆ ಸಿರಿಂಜೂ 40ರದ್ದೇ ಇರಬೇಕು. 40ರ ಬಾಟಲಿಗೆ 100ರ ಸಿರಿಂಜ್ ಹಾಕಿದರೆ ಡೋಸ್ ಕಡಿಮೆ ಬೀಳುತ್ತದೆ. 100ರ ಬಾಟಲಿಗೆ 40ರ ಸಿರಿಂಜ್ ಹಾಕಿದರಂತೂ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ, ಮಗುವಿನ ಪ್ರಾಣಕ್ಕೇ ಕುತ್ತು.

ಪರೀಕ್ಷೆಗಳು. ಎಷ್ಟು ದಿನಕ್ಕೊಮ್ಮೆ, ಯಾಕೆ ಅಂತ ಕೇಳಿ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತದೆ, ಏಕೆಂದರೆ ಕೆಂಪು ರಕ್ತಕಣ ಬದುಕುವುದೇ ಸುಮಾರು 120 ದಿನ. ಅದನ್ನು ತಿಂಗಳು ತಿಂಗಳು ಮಾಡಿಸಿದರೆ ಹೊಸದೇನೂ ಅಷ್ಟಾಗಿ ತಿಳಿಯುವುದಿಲ್ಲ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಾಕು.

ಬಳಸುವ ರೀತಿ. ಇನ್ಹೇಲರ್ ತಪ್ಪಾಗಿ ಎಳೆದರೆ ಮದ್ದು ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ಹೋಗುವುದು ಸ್ವಲ್ಪ. ಒತ್ತಿ ಎಳೆಯುವ ಇನ್ಹೇಲರ್ ಆದರೆ ಮಕ್ಕಳಿಗೆ ಸ್ಪೇಸರ್ ಅನ್ನುವ ಕೊಳವೆ ಜೊತೆಗೇ ಬಳಸಬೇಕು. ಪ್ರತಿ ಭೇಟಿಯಲ್ಲೂ ಮಗು ನರ್ಸ್ ಎದುರೇ ಒಂದು ಸಲ ಎಳೆದು ತೋರಿಸಲಿ. ಇದಕ್ಕೆ ದುಡ್ಡು ಬೇಕಿಲ್ಲ.

ನಡುವೆ ಒಂದು ಮಾತು. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ನೂರು ವರ್ಷ ದಾಟಿತು. ನಾನು ಇನ್ನೂ ಫ್ರಿಜ್ ಮುಂದೆ ನಿಂತು ಯೂನಿಟ್ ಎಣಿಸುತ್ತಿದ್ದೇನೆ.

ಮಗುವಿನ ಕಿವಿಗೆ ಬೀಳುತ್ತದೆ

ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನಮ್ಮಲ್ಲಿ 50 ಸ್ಟ್ರಿಪ್‌ಗಳ ಡಬ್ಬಿ ತರುತ್ತೇವೆ. ದಿನಕ್ಕೆ ಐದು ಸಲ ಚುಚ್ಚಿ ನೋಡಿದರೆ ಹತ್ತೇ ದಿನ. ಒಂದು ತಿಂಗಳು ಡಬ್ಬಿ ಹದಿನಾಲ್ಕು ದಿನ ಬಂತು. ನನಗೆ ಖುಷಿಯೇ ಆಯಿತು, ಯಾಕೆ ಅಂತ ಯೋಚಿಸಲಿಲ್ಲ. ಆಮೇಲೆ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಒತ್ತಿ ಹಿಂದಿನ ಅಂಕಿ ನೋಡುತ್ತಾ ಹೋದೆ. ಮಧ್ಯಾಹ್ನದ ಅಂಕಿಗಳೇ ಇಲ್ಲ. ಸಕ್ಕರೆ ಬರೆಯುವ ಪುಸ್ತಕದಲ್ಲಿ ಮಾತ್ರ ಅವಳ ದುಂಡು ಅಕ್ಷರದಲ್ಲಿ 112, 118, 115. ಕೇಳಿದೆ. ಎಂಟು ವರ್ಷದ ಹುಡುಗಿ ಹೇಳಿದಳು, "ಅಪ್ಪಾ, ಸ್ಟ್ರಿಪ್ ಉಳಿಸಿದೆ. ನೀವು ಅಮ್ಮ ರಾತ್ರಿ ಮಾತಾಡ್ತಿದ್ರಲ್ಲ."

ಆಗಲೇ ಚುಚ್ಚಿ ನೋಡಿದೆವು. 341 ಇತ್ತು, ತೀರಾ ಜಾಸ್ತಿ.

ಹಾಗಂತ ಮಕ್ಕಳಿಂದ ಎಲ್ಲ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಮುಚ್ಚಿಟ್ಟರೂ ಗೊತ್ತಾಗುತ್ತದೆ, ಅರ್ಧಂಬರ್ಧ ಗೊತ್ತಾಗುತ್ತದೆ, ಅದು ಇನ್ನೂ ಕೆಟ್ಟದ್ದು. ನಾವು ಆಮೇಲೆ ಮಾಡಿದ್ದು ಇಷ್ಟು: ದುಡ್ಡಿನ ಜಗಳ ಮನೆಯೊಳಗೆ ಆಡುವುದಿಲ್ಲ, ಸಂಜೆ ಇಬ್ಬರೂ ಹೊರಗೆ ನಡೆಯಲು ಹೋದಾಗ ಆಡುತ್ತೇವೆ. ಅವಳಿಗೆ ನೇರವಾಗಿ ಹೇಳಿದೆವು, "ನಿನ್ನ ಔಷಧಿ ದುಡ್ಡು ಬೇರೆ ಎತ್ತಿಟ್ಟಿದ್ದೇವೆ, ಅದರ ಚಿಂತೆ ನಮ್ಮದು, ಚುಚ್ಚಿಕೊಳ್ಳುವುದು ನಿನ್ನದು." ದುಡ್ಡು ಎತ್ತಿಟ್ಟ ಡಬ್ಬಿಯನ್ನೂ ತೋರಿಸಿದೆವು. ಸುಳ್ಳಲ್ಲ ಅಂತ ಅವಳಿಗೆ ಗೊತ್ತಾಗಬೇಕಿತ್ತು. ಅವಳ ತಮ್ಮನಿಗೂ ಒಂದು ಸಣ್ಣ ಡಬ್ಬಿ ಇಟ್ಟೆವು. ಕಾಯಿಲೆ ಇಲ್ಲದ ಮಗು ಏನೂ ಕೇಳದೆ ತೆಪ್ಪಗಿದೆ ಅಂದರೆ ಅದಕ್ಕೆ ಏನೂ ಬೇಡ ಅಂತ ಅರ್ಥವಲ್ಲ, ಅಲ್ವಾ?

ವಿಮೆ ಮತ್ತು ಬಿಲ್ಲು

ಇದು ಒಂದೊಂದು ದೇಶದಲ್ಲಿ ಒಂದೊಂದು ಥರ, ಹಾಗಾಗಿ ಬೇಗ ಮುಗಿಸುತ್ತೇನೆ. ಪಾಲಿಸಿ ಕಾಗದದಲ್ಲಿ ನಾಲ್ಕು ವಿಷಯ ಹುಡುಕಿ. ಮೊದಲೇ ಇದ್ದ ಕಾಯಿಲೆಗೆ ಎಷ್ಟು ಕಾಲ ಕಾಯಬೇಕು. ಅಡ್ಮಿಟ್ ಆಗದೆ ಹೊರರೋಗಿಯಾಗಿ ಮಾಡಿದ ಖರ್ಚು ಸಿಗುತ್ತದೆಯೇ, ದೀರ್ಘ ಕಾಯಿಲೆಯಲ್ಲಿ ಬಹಳಷ್ಟು ಖರ್ಚು ಅಲ್ಲೇ ಇರುತ್ತದೆ. ಕೋಣೆ ಬಾಡಿಗೆಗೆ, ಒಂದೊಂದು ಚಿಕಿತ್ಸೆಗೆ ಒಳಗೊಳಗೇ ಮಿತಿ ಇದೆಯೇ. ಮಗುವಿಗೆ ಎಷ್ಟು ವಯಸ್ಸಾಗುವ ತನಕ ನಿಮ್ಮ ಪಾಲಿಸಿಯಲ್ಲಿ ಇರಬಹುದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಕ್ಲೇಮ್ ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೊಡಿ ಅಂತ ಕೇಳಿ, ಡಾಕ್ಟರಿಂದ ಪತ್ರ ಬರೆಸಿ ಮತ್ತೆ ಅರ್ಜಿ ಹಾಕಿ. ನಮ್ಮದೊಂದು ಎರಡನೇ ಸಲ ಪಾಸಾಯಿತು. ಮೊದಲ ಸಲ ಬೇಡ ಅಂದಿದ್ದಕ್ಕೆ ಕಾರಣ ಒಂದು ಸಹಿ ಇಲ್ಲದ್ದು, ಅಷ್ಟೇ.

ಆಸ್ಪತ್ರೆ ಬಿಲ್ ಒಂದೇ ಮೊತ್ತವಾಗಿ ಕೊಟ್ಟರೆ ಒಪ್ಪಬೇಡಿ, ಬಿಡಿಬಿಡಿಯಾಗಿ ಬರೆದ ಬಿಲ್ ಕೇಳಿ. ಸಂಜೆ ಕೂತು ಒಂದೊಂದೇ ಸಾಲು ಓದಿ. ನಮ್ಮ ಆ ಒಂಬತ್ತು ದಿನದ ಬಿಲ್ಲಿನಲ್ಲಿ ಡಿಸ್ಚಾರ್ಜ್ ಆದ ಮರುದಿನದ ನರ್ಸಿಂಗ್ ಚಾರ್ಜ್ ಸೇರಿತ್ತು. ನಾವು ಆಗಲೇ ಮನೆಯಲ್ಲಿದ್ದೆವು! ಕೌಂಟರಿನಲ್ಲಿ ತೋರಿಸಿದೆ, ತೆಗೆದರು. ಕಟ್ಟಲು ಆಗದಿದ್ದರೆ ಬಾಕಿ ಉಳಿಸಿಕೊಂಡು ಓಡಾಡುವ ಬದಲು ಮೊದಲೇ ಹೋಗಿ ಕಂತು ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಮಾಜ ಕಾರ್ಯಕರ್ತರು ಇರುತ್ತಾರೆ, ಎಲ್ಲಿ ರಿಯಾಯಿತಿ, ಎಲ್ಲಿ ಸರ್ಕಾರದ ಯೋಜನೆ, ಯಾವ ಟ್ರಸ್ಟ್ ಅನ್ನುವುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಅಡ್ಮಿಟ್ ಆದ ಮೊದಲ ದಿನವೇ ಅವರನ್ನು ಹುಡುಕಿ. ಡಿಸ್ಚಾರ್ಜ್ ದಿನ ಹೋದರೆ ತಡವಾಗಿರುತ್ತದೆ.

ಕೆಲಸ ಬಿಡುವ ಮುಂಚೆ

ಯಾರೋ ಒಬ್ಬರು ಮನೆಯಲ್ಲಿ ಇರಬೇಕು ಅನ್ನಿಸುತ್ತದೆ, ಆ ಒಬ್ಬರು ಹೆಚ್ಚಾಗಿ ಅಮ್ಮನೇ ಆಗಿರುತ್ತಾರೆ. ಗೊತ್ತಾದ ಮೊದಲ ಆರು ತಿಂಗಳು ಯಾರೂ ರಾಜೀನಾಮೆ ಕೊಡಬೇಡಿ, ಸಾಧ್ಯವಾದಷ್ಟೂ. ಆ ಹೊತ್ತಿನಲ್ಲಿ ಭಯ ಮಾತಾಡುತ್ತಿರುತ್ತದೆ. ಇರುವ ರಜೆ ಎಲ್ಲ ಮುಗಿಸಿ, ಸಂಬಳವಿಲ್ಲದ ರಜೆ ಕೇಳಿ, ಶಿಫ್ಟ್ ಬದಲಾಯಿಸಿಕೊಳ್ಳಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿ. ಬಿಟ್ಟರೆ ಹೋಗುವುದು ಬರೀ ಸಂಬಳವಲ್ಲ, ಕೆಲಸದ ಜೊತೆ ಬಂದ ವಿಮೆ, ಮುಂದಿನ ಬಡ್ತಿ, ಪಿಂಚಣಿ, ಆಮೇಲೆ ಮತ್ತೆ ಕೆಲಸ ಸಿಗುವುದೂ ಕಷ್ಟ.

ಓಡಾಟ ಕಡಿಮೆಯಾದರೆ ರಜೆಯೂ ಉಳಿಯುತ್ತದೆ. ಕಣ್ಣು, ರಕ್ತ, ಡಾಕ್ಟರ ಭೇಟಿ ಎಲ್ಲ ಒಂದೇ ದಿನಕ್ಕೆ ಕೊಡಿ ಅಂತ ಕೇಳಿ. ಎರಡು ಭೇಟಿಗಳಲ್ಲಿ ಒಂದು ಫೋನಿನಲ್ಲೋ ವಿಡಿಯೋದಲ್ಲೋ ಆಗುತ್ತದೆಯೇ ವಿಚಾರಿಸಿ. ರಕ್ತ ಕೊಡಿಸುವ ಮಕ್ಕಳಿಗೆ ಹಿಂದಿನ ದಿನ ಸ್ಯಾಂಪಲ್, ಮರುದಿನ ರಕ್ತ ಅಂತ ಎರಡು ಸಲ ಕರೆದರೆ ಒಂದೇ ದಿನ ಮುಗಿಸಲು, ಅದೂ ರಜಾದಿನದಲ್ಲಿ ಮುಗಿಸಲು ದಾರಿ ಇದೆಯೇ ಕೇಳಿ. ಒಂದು ಫೈಲು ಇಟ್ಟುಕೊಳ್ಳಿ, ಹೊಸದು ಮೇಲೆ, ಹಳೆಯದು ಕೆಳಗೆ. ರಿಪೋರ್ಟ್ ಕೈಯಲ್ಲಿಲ್ಲ ಅಂತಲೇ ಎಷ್ಟೋ ಪರೀಕ್ಷೆ ಎರಡೆರಡು ಸಲ ಆಗುತ್ತವೆ.

ಸಾಲ, ಸಹಾಯ, ಪವಾಡ

ಸಾಲ ಮಾಡಲೇಬೇಕಾದರೆ ಒಂದು ಸಲದ ಖರ್ಚಿಗೆ ಮಾಡಿ. ಆಪರೇಷನ್‌ಗೆ, ಇನ್ಸುಲಿನ್ ಪಂಪ್‌ಗೆ ಸಾಲ ಸರಿ. ತಿಂಗಳ ಔಷಧಿಗೆ ಸಾಲ ಮಾಡಿದರೆ ಮುಂದಿನ ತಿಂಗಳು ಔಷಧಿಯೂ ಬೇಕು, ಬಡ್ಡಿಯೂ ಬೇಕು. ಹಾಗೆ ಆಗುತ್ತಿದೆ ಅಂದರೆ ಸಾಲಕೊಡುವವರ ಹತ್ತಿರ ಹೋಗುವ ಮೊದಲು ಮತ್ತೆ ಡಾಕ್ಟರ ಹತ್ತಿರ, ಸಮಾಜ ಕಾರ್ಯಕರ್ತರ ಹತ್ತಿರ ಹೋಗಿ. ಕ್ರೆಡಿಟ್ ಕಾರ್ಡ್ ಕನಿಷ್ಠ ಮೊತ್ತ ಕಟ್ಟುತ್ತಾ ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಜನರ ಹತ್ತಿರ ಕೇಳುವಾಗಲೂ ಅದೇ ನಿಯಮ. "ಏನಾದರೂ ಸಹಾಯ ಮಾಡಿ" ಅಂದರೆ ಪಾಪ ಅಂದು ಸುಮ್ಮನಾಗುತ್ತಾರೆ. "ತಿಂಗಳಿಗೆ ಒಂದು ಡಬ್ಬಿ ಸ್ಟ್ರಿಪ್ ನೀವು ಕೊಡಿಸಬಹುದಾ?" ಅಂತ ನಾನು ನನ್ನ ಅಕ್ಕನಿಗೆ ಕೇಳಿದೆ. ಐದು ವರ್ಷದಿಂದ ಕೊಡಿಸುತ್ತಿದ್ದಾಳೆ. ಆನ್‌ಲೈನ್‌ನಲ್ಲಿ ಸಾರ್ವಜನಿಕರಿಂದ ಹಣ ಎತ್ತುವುದಾದರೆ ಮೊದಲು ಆ ಜಾಲತಾಣ ಎಷ್ಟು ಕಡಿತ ಮಾಡಿಕೊಳ್ಳುತ್ತದೆ ನೋಡಿ. ಮಗುವಿನ ಅಳುವ ಫೋಟೋ ಹಾಕಬೇಡಿ. ಅವಳಿಗೆ ಹದಿನೆಂಟಾದಾಗಲೂ ಅದು ಅಲ್ಲೇ ಇರುತ್ತದೆ.

ಕೆಲವು ಕಾಯಿಲೆಗಳಿಗೆ ಅಂತರರಾಷ್ಟ್ರೀಯ ಸಹಾಯವೂ ಇದೆ. ಟೈಪ್ 1 ಮಕ್ಕಳಿಗೆ ಲೈಫ್ ಫಾರ್ ಎ ಚೈಲ್ಡ್ ಅನ್ನುವ ಸಂಸ್ಥೆ 2000ದಿಂದ ಬಡ ದೇಶಗಳಲ್ಲಿ ಇನ್ಸುಲಿನ್, ಸ್ಟ್ರಿಪ್ ಕೊಡುತ್ತಿದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಗೆ ವಿಶ್ವ ಹಿಮೋಫಿಲಿಯಾ ಒಕ್ಕೂಟ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ದಾನವಾಗಿ ಕಳಿಸುತ್ತದೆ. ಮಕ್ಕಳ ಕ್ಯಾನ್ಸರ್ ಔಷಧಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸೇಂಟ್ ಜೂಡ್ ಆಸ್ಪತ್ರೆ 2021ರಲ್ಲಿ ಒಂದು ವೇದಿಕೆ ಘೋಷಿಸಿದವು. ಇವು ಮನೆಗೆ ಪಾರ್ಸೆಲ್ ಕಳಿಸುವ ಥರ ಅಲ್ಲ, ಆಸ್ಪತ್ರೆ, ರೋಗಿಗಳ ಸಂಘಗಳ ಮೂಲಕ ಬರುತ್ತವೆ. ಹಾಗಾಗಿ ನಿಮ್ಮ ಕಾಯಿಲೆಯ ಪೋಷಕರ ಸಂಘ ಹುಡುಕಿ ಸೇರಿಕೊಳ್ಳಿ. ಯಾರ ಹತ್ತಿರ ಹೆಚ್ಚುವರಿ ಗ್ಲುಕೋಮೀಟರ್ ಇದೆ, ಯಾವ ಲ್ಯಾಬ್ ಕಡಿಮೆ ತೆಗೆದುಕೊಳ್ಳುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು.

ಇನ್ನು ಪವಾಡ. "ಮೂರು ತಿಂಗಳಲ್ಲಿ ಇನ್ಸುಲಿನ್ ನಿಲ್ಲಿಸುತ್ತೇವೆ" ಅಂದವನಿಗೆ ನಾವೂ ಒಂದು ಸಲ ದುಡ್ಡು ಕೊಟ್ಟಿದ್ದೇವೆ. ಇನ್ಸುಲಿನ್ ನಿಲ್ಲಿಸಲಿಲ್ಲ ಅನ್ನುವುದೊಂದೇ ನಮ್ಮ ಪುಣ್ಯ. ಆ ಖರ್ಚೂ ಪುಸ್ತಕದಲ್ಲಿದೆ, ಬಲಗಡೆ ಪುಟದಲ್ಲಿ. ಅದರ ಮುಂದೆ ನನ್ನ ಹೆಂಡತಿ ಏನೂ ಬರೆದಿಲ್ಲ, ಒಂದು ಪ್ರಶ್ನೆ ಚಿಹ್ನೆ ಅಷ್ಟೇ ಹಾಕಿದ್ದಾಳೆ.

ಪುಸ್ತಕದ ಕೊನೇ ಪುಟವನ್ನು ತಾರೀಖುಗಳಿಗೆ ಬಿಡಿ. ಪಾಲಿಸಿ ನವೀಕರಣ, ಯೋಜನೆಯ ಕಾರ್ಡ್ ಮುಗಿಯುವ ದಿನ, ಮುಂದಿನ ಕಣ್ಣಿನ ಪರೀಕ್ಷೆ, ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಹೋಗುವ ವರ್ಷ. ನಮ್ಮ ಪುಸ್ತಕ ಈಗ ನಾಲ್ಕನೆಯದು. ಎಡಗಡೆ ಪುಟವನ್ನು ಈಗ ಬರೆಯುವವಳು ಮಗಳೇ, ಸಕ್ಕರೆ ಪುಸ್ತಕದ ಅಂಕಿಗಳೂ ಗ್ಲುಕೋಮೀಟರಿಗೆ ತಾಳೆಯಾಗುತ್ತವೆ. ನಾನು ಈಗಲೂ ಆಗಾಗ ಒತ್ತಿ ನೋಡುತ್ತೇನೆ, ಅವಳಿಗೂ ಗೊತ್ತು.